ಮರಿಯಾ ತಕೆಯುಚಿ ‘ಮರೆತುಹೋದ ಗಾಯಕಿ’ ಅಲ್ಲ ಸಾರ್

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಲಿ ಜಪಾನಿನ ಹಾಡುಗಾರ್ತಿ ಮರಿಯಾ ತಕೆಯುಚಿ ಬಗ್ಗೆ ಒಂದು ಬರಹ ಹಾಕಿದ್ರಿ. ಹಾಕಿದ್ದಕ್ಕೆ ಮೊದಲು ಥ್ಯಾಂಕ್ಸ್, ಯಾಕಂದ್ರೆ ನಮ್ಮ ಪೇಪರ್‌ಗಳಲ್ಲಿ ಜಪಾನ್ ಅಂದ್ರೆ ಬುಲೆಟ್ ರೈಲು, ಭೂಕಂಪ, ಸುನಾಮಿ, ಇಲ್ಲಾಂದ್ರೆ ನೂರು ದಾಟಿದ ಅಜ್ಜಿಯರ ಊಟದ ಗುಟ್ಟು, ಅಷ್ಟೇ ಬರೋದು. ಆದ್ರೆ ಆ ಬರಹದ ಹೆಡ್ಡಿಂಗೇ ‘ಯೂಟ್ಯೂಬ್ ಬದುಕಿಸಿದ ಮರೆತುಹೋದ ಗಾಯಕಿ’ ಅಂತ. ಒಳಗಡೆನೂ ಅದೇ ರಾಗ. 1984ರಲ್ಲಿ ಒಂದು ಹಾಡು ಹಾಡಿದ್ರಂತೆ, ಓಡ್ಲಿಲ್ವಂತೆ, ಮೂವತ್ತು ವರ್ಷ ಯಾರ ಕಣ್ಣಿಗೂ ಬೀಳದೆ ಮೂಲೇಲಿ ಕೂತಿದ್ರಂತೆ, ಆಮೇಲೆ ಯಾರೋ ಪುಣ್ಯಾತ್ಮ ಅದನ್ನ ಯೂಟ್ಯೂಬಿಗೆ ಹಾಕಿ ಅವರನ್ನ ಉದ್ಧಾರ ಮಾಡಿದ್ನಂತೆ. ಓದಿ ಸುಮ್ನಿರಕ್ಕೆ ಆಗ್ಲಿಲ್ಲ. ಕತೆ ಚೆನ್ನಾಗಿದೆ ಸಾರ್, ನಿಜ ಅಲ್ಲ ಅಷ್ಟೆ.

ನಾನು ಹಾಸನದಲ್ಲಿ ಬಸ್‌ಸ್ಟ್ಯಾಂಡ್ ಹತ್ರ ತುಂಬಾ ವರ್ಷ ಕ್ಯಾಸೆಟ್ ಅಂಗಡಿ ಇಟ್ಕೊಂಡಿದ್ದೋನು, ಈಗ ಅದೇ ಮಳಿಗೆಲಿ ಮೊಬೈಲ್ ಕವರು, ಚಾರ್ಜರು, ಸ್ಕ್ರೀನ್ ಗಾರ್ಡು. ಹಾಡಿನ ವ್ಯಾಪಾರನ ಕೌಂಟರ್ ಒಳಗಿಂದ ನೋಡಿದೋನು ಅನ್ನೋ ಒಂದೇ ಹಕ್ಕಿನ ಮೇಲೆ ಬರೀತಿದೀನಿ. ನಮ್ಮ ಪೀಳಿಗೆಗೆ ಜಪಾನ್ ಅಂದ್ರೆ ಮೊದ್ಲು ಟೇಪ್‌ರೆಕಾರ್ಡರ್ರು. ಸೋನಿ, ಐವಾ, ಸಾನ್ಸುಯಿ, ನ್ಯಾಷನಲ್ ಪ್ಯಾನಸಾನಿಕ್. ದುಬೈಗೋ ಸೌದಿಗೋ ಹೋಗಿದ್ದೋರು ತಂದ್ಕೊಟ್ಟ ಸೆಟ್ಟಲ್ಲಿ ರಾಜ್‌ಕುಮಾರ್ ಹಾಡು ಹಾಕ್ಕೊಂಡು ಬೇಸ್ ಏರಿಸ್ಕೊಂಡು ಕೇಳಿದ್ದೇ ಕೇಳಿದ್ದು, ಆ ಮಿಷನ್ ಮಾಡಿದ ಜನ ತಮ್ಮ ಮನೇಲಿ ಏನ್ ಹಾಡು ಕೇಳ್ತಾರೆ ಅಂತ ಒಬ್ರೂ ಯೋಚ್ನೆ ಮಾಡ್ಲಿಲ್ಲ. ನಾನೂ ಮಾಡಿರ್ಲಿಲ್ಲ, ನನ್ನ ತಂಗಿ ಮಗಳು ಮೊಬೈಲಲ್ಲಿ ಮರಿಯಾರ ಆ 1984ರ ಹಾಡು ‘ಪ್ಲಾಸ್ಟಿಕ್ ಲವ್’ ಕೇಳಿಸೋ ತನಕ. ಡ್ರಮ್ಸು, ಬೇಸ್ ಗಿಟಾರು ಕೂಡ್ಕೊಂಡ ತಕ್ಷಣ ಗೊತ್ತಾಯ್ತು, ಇದು ಸ್ಟುಡಿಯೋಲಿ ದುಡ್ಡು ಟೈಮು ಎರಡೂ ಸುರಿದು ಮಾಡಿರೋ ಕೆಲಸ ಅಂತ. ಅವತ್ತಿಂದ ಸಿಕ್ಕಿದ್ದೆಲ್ಲ ಓದ್ತಿದೀನಿ, ಅದಕ್ಕೇ ಕಾಗದ ಇಷ್ಟುದ್ದ ಆಗಿದೆ. ಕತ್ತರಿ ಹಾಕೋದಾದ್ರೆ ಹಾಕಿ, ವರ್ಷಗಳನ್ನ ಮಾತ್ರ ಕತ್ತರಿಸ್ಬೇಡಿ.

ಮರಿಯಾ ಹುಟ್ಟಿದ್ದು 1955ರಲ್ಲಿ, ಶಿಮಾನೆ ಪ್ರಾಂತ್ಯದ ತೈಶಾ ಅನ್ನೋ ಊರಲ್ಲಿ, ಈಗ ಅದು ಇಜುಮೊ ನಗರಕ್ಕೆ ಸೇರಿದೆ. ಅಲ್ಲಿರೋ ದೇವಸ್ಥಾನ ಜಪಾನಿನ ತೀರಾ ಹಳೇ ದೇವಸ್ಥಾನಗಳಲ್ಲಿ ಒಂದು, ಜೋಡಿ ಕೂಡ್ಸೋ ದೇವ್ರು ಅಂತ ಮದುವೆ ಆಗ್ಬೇಕಾದೋರೆಲ್ಲ ಹೋಗಿ ಕೈ ಮುಗೀತಾರೆ. ಅದರ ಎದುರಿನ ಬೀದಿಲೇ ಇವರ ಮನೆಯೋರ ಹಳೇ ವಸತಿಗೃಹ, ತಕೆನೊಯಾ ಅಂತ. ನಮ್ಮ ಕಡೆ ಹೇಳೋದಾದ್ರೆ ಹೊರನಾಡಲ್ಲಿ ದೇವಸ್ಥಾನದ ಹತ್ರ ತಲೆಮಾರಿಂದ ಲಾಡ್ಜ್ ನಡೆಸ್ಕೊಂಡು ಬಂದಿರೋ ಮನೆ ಹುಡುಗಿ ಅಂದ್ಕೊಳಿ. ಹೈಸ್ಕೂಲಲ್ಲಿರೋವಾಗ ಒಂದು ವರ್ಷ ಅಮೆರಿಕದ ಇಲಿನಾಯ್ಸ್ ರಾಜ್ಯಕ್ಕೆ ಹೋಗಿ ಓದಿದ್ರು, ಆಮೇಲೆ ಟೋಕಿಯೋದ ಕೇಯೋ ಯೂನಿವರ್ಸಿಟಿ, ಅಲ್ಲಿ ಹಾಡಿನ ಕ್ಲಬ್ಬು, ಅಲ್ಲಿಂದ 1978ರಲ್ಲಿ ಆರ್‌ಸಿಎ ಕಂಪನಿಲಿ ಮೊದಲ ರೆಕಾರ್ಡು.

ಆ ಮೊದಲ ಹಾಡೇ ಒಂದು ಜಾಹೀರಾತಿನ ಹಾಡು, ಇಸೆತಾನ್ ಅನ್ನೋ ದೊಡ್ಡ ಬಟ್ಟೆಬರೆ ಮಳಿಗೆದು. ಇದನ್ನ ನೀವು ಬರಹದಲ್ಲಿ ಬಿಟ್ಟೇ ಬಿಟ್ರಿ, ಆದ್ರೆ ಜಪಾನಿನ ಹಾಡಿನ ದಂಧೆ ಗೊತ್ತಾಗ್ಬೇಕಂದ್ರೆ ಇಲ್ಲಿಂದ್ಲೇ ಶುರು ಮಾಡ್ಬೇಕು. ಅಲ್ಲಿ ಇದಕ್ಕೆ ಟೈ-ಅಪ್ ಅಂತಾರೆ. ನಮ್ಮಲ್ಲಿ ಹಾಡು ಊರೂರಿಗೆ ಹೋಗ್ಬೇಕಂದ್ರೆ ಸಿನಿಮಾ ಬೇಕು, ಅಲ್ಲಿ ಸಿನಿಮಾ ಜಾಗದಲ್ಲಿ ಟೀವಿ ಜಾಹೀರಾತು, ಟೀವಿ ಧಾರಾವಾಹಿ, ಇತ್ತೀಚೆಗೆ ಕಾರ್ಟೂನು. ಸೋಪು ಪೌಡರ್ ಕಂಪನಿ ಹೊಸ ಸೀಸನ್ನಿಗೆ ಹೊಸ ಹಾಡು ಬೇಕು ಅನ್ನುತ್ತೆ, ರೆಕಾರ್ಡ್ ಕಂಪನಿ ತನ್ನ ಹಾಡುಗಾರ್ತಿನ ಕೊಡುತ್ತೆ, ದಿನಕ್ಕೆ ಹತ್ತಾರು ಸಲ ಟೀವಿಲಿ ಆ ಹಾಡಿನ ತುಣುಕು ಬಂದು ಬಂದು ಜನ ಅಂಗಡಿಗೆ ಹೋಗಿ ರೆಕಾರ್ಡ್ ಕೇಳ್ತಾರೆ. 1980ರಲ್ಲಿ ಮರಿಯಾ ಹೆಸರು ಮನೆಮಾತಾಗಿದ್ದು ಶಿಸೇಡೊ ಮೇಕಪ್ ಕಂಪನಿ ಜಾಹೀರಾತಿಗೆ ಹಾಡಿದ ಹಾಡಿಂದ. ಅದಕ್ಕೆ ಹಿಂದಿನ ವರ್ಷ ‘ಸೆಪ್ಟೆಂಬರ್’ ಅನ್ನೋ ಹಾಡಿನ ಜೊತೆಗೆ ಹೊಸಬರಿಗೆ ಕೊಡೋ ದೊಡ್ಡ ಪ್ರಶಸ್ತಿನೂ ಬಂದಿತ್ತು. ಅಂದ್ರೆ 1984ಕ್ಕೆ ಮೊದಲೇ ಅವರು ಸ್ಟಾರು. ನಿಮ್ಮ ಬರಹದ ಮೊದಲ ಪ್ಯಾರಾನೇ ಅಲ್ಲಿಗೆ ಬಿದ್ದೋಯ್ತು.

ಆದ್ರೆ ಆ ಸ್ಟಾರ್‌ಗಿರಿ ಎಂಥದು ಅಂತ ನೋಡಿ. ‘ಸೆಪ್ಟೆಂಬರ್’ ಬರೆದಿದ್ದು ತಕಾಶಿ ಮಾತ್ಸುಮೊತೊ, ಟ್ಯೂನ್ ಹಾಕಿದ್ದು ತೆತ್ಸುಜಿ ಹಯಾಶಿ. ಶಿಸೇಡೊ ಹಾಡಿನದ್ದೂ ಅಷ್ಟೆ, ಬರೆದೋರೂ ಬೇರೆ, ಟ್ಯೂನಿನೋರೂ ಬೇರೆ. ಸ್ವಂತ ಹಾಡು ಬರೆಯೋ ಶಕ್ತಿ ಇರೋ ಹುಡುಗಿ ಕೈಗೆ ಬೇರೆಯೋರ ಹಾಡು ಕೊಟ್ಟು, ಮುಖ ಚೆನ್ನಾಗಿದೆ ಅಂತ ಟೀವಿ ಶೋಗಳಿಗೆ, ಸೆಲೆಬ್ರಿಟಿಗಳ ಓಟದ ಸ್ಪರ್ಧೆಗಳಿಗೆಲ್ಲ ಕಳಿಸಿದ್ರು. ಬೆಳಿಗ್ಗೆ ಒಂದ್ ಕಡೆ ರಾತ್ರಿ ಒಂದ್ ಕಡೆ, ಗಂಟಲು ಕೆಟ್ಟೋಯ್ತು. 1981ರಲ್ಲಿ ಅವರೇ ಸಾಕು ಅಂತ ನಿಲ್ಲಿಸಿದ್ರು. ಗಮನಿಸಿ, ಮಾರ್ಕೆಟ್ ಬಿದ್ದು ನಿಲ್ಸಿದ್ದಲ್ಲ, ಮಾರ್ಕೆಟ್ ಇರೋವಾಗ್ಲೇ ನಿಲ್ಸಿದ್ದು. ಮಾರನೇ ವರ್ಷ ತತ್ಸುರೊ ಯಮಶಿತಾ ಜೊತೆ ಮದುವೆ. ಅವರೂ ಹಾಡು ಬರೆದು ಹಾಡೋರೇ, ಅರೇಂಜ್‌ಮೆಂಟ್, ಅಂದ್ರೆ ಟ್ಯೂನಿಗೆ ವಾದ್ಯ ಜೋಡಿಸೋ ವಿಷ್ಯದಲ್ಲಿ ಜಪಾನಲ್ಲೇ ಅವರ ಹೆಸರಿಗೊಂದು ತೂಕ ಇದೆ.

ಮದುವೆ ಆದ್ಮೇಲೆ ಹೆಣ್ಣುಮಕ್ಕಳು ಹಾಡೋದು ಬಿಡೋದು ನಮಗೇನು ಹೊಸದಲ್ಲ, ಹಾಸನದಲ್ಲೇ ಗಣೇಶನ ಪೆಂಡಾಲಲ್ಲಿ ಎಸ್. ಜಾನಕಿ ಹಾಡು ಹಾಡಿ ಮೂರು ಬೀದಿ ಜನ ಸೇರಿಸ್ತಿದ್ದೋರು ಮದುವೆ ಆಗಿ ಹೋದ ಮೇಲೆ ಸತ್ಯನಾರಾಯಣ ಪೂಜೆಗೆ ಮಾತ್ರ ಬಾಯಿ ಬಿಡೋದನ್ನ ನೋಡಿದೀವಿ. ಮರಿಯಾ ಮಾಡಿದ್ದು ಬೇರೆ. ಮನೇಲಿ ಕೂತು ಬರೆದ್ರು. 1982ರಿಂದ ಬೇರೆ ಹಾಡುಗಾರ್ತಿಯರಿಗೆ, ಅದರಲ್ಲೂ ಐಡಲ್ ಅಂತ ಕರೀತಾರಲ್ಲ ಆ ಚಿಕ್ಕ ವಯಸ್ಸಿನ ಟೀವಿ ಹುಡುಗಿಯರಿಗೆ, ಹಾಡು ಬರೆದು ಕೊಡಕ್ಕೆ ಶುರು ಮಾಡಿದ್ರು. ನವೊಕೊ ಕವಾಯಿಗೆ ಕೊಟ್ರು, ಹಿರೊಕೊ ಯಕುಶಿಮಾರುಗೆ ಕೊಟ್ರು, ಅಕಿನಾ ನಕಾಮೊರಿಗೆ ಕೊಟ್ರು. ತನ್ನನ್ನ ಸುಸ್ತು ಮಾಡಿದ ಅದೇ ಟೀವಿ ಸ್ಟೇಜ್ ಮೇಲೆ ಈಗ ಬೇರೆಯೋರು ನಿಂತು ಇವರ ಹಾಡು ಹಾಡ್ತಿದ್ರು, ಇವರು ಸ್ಟೇಜ್ ಹತ್ರನೂ ಹೋಗ್ದೆ ರಾಯಲ್ಟಿ ತಗೊಳ್ತಿದ್ರು. ನನಗೆ ಇದಕ್ಕಿಂತ ಬುದ್ಧಿವಂತಿಕೆ ಆ ದಂಧೆಲಿ ಇನ್ನೊಬ್ರು ಮಾಡಿದ್ದು ಕಾಣಲ್ಲ.

ಅಕಿನಾಗೆ ಕೊಟ್ಟ ‘ಎಕಿ’ ಹಾಡಿಂದು ಒಂದು ತಮಾಷೆ ಇದೆ, ಹೇಳ್ಬಿಡ್ತೀನಿ. ರೈಲ್ವೆ ಸ್ಟೇಷನ್ನಲ್ಲಿ ಹಳೇ ಪ್ರೇಮಿ ಕಣ್ಣಿಗೆ ಬೀಳೋ ಹಾಡು. 1986ರಲ್ಲಿ ಅಕಿನಾ ಅದನ್ನ ಪಿಸುಮಾತಲ್ಲಿ ಹಾಡಿದ್ರು. ಯಮಶಿತಾಗೆ ಅದು ಸುತಾರಾಂ ಹಿಡಿಸ್ಲಿಲ್ಲ. ಮಾರನೇ ವರ್ಷ ಹೆಂಡತಿ ಕೈಲೇ ಹಾಡಿಸಿದ್ರು, ಅಷ್ಟಕ್ಕೇ ಬಿಡ್ದೆ 1994ರಲ್ಲಿ ಬಂದ ಸಂಕಲನದ ಜೊತೆಗಿನ ಪುಸ್ತಕದಲ್ಲಿ ಹೆಸರು ಹೇಳ್ದೆನೇ ಒಬ್ಬ ಐಡಲ್ ಈ ಹಾಡನ್ನ ತಪ್ಪಾಗಿ ಅರ್ಥ ಮಾಡ್ಕೊಂಡ್ಲು ಅಂತ ಸಿಟ್ಟು ಕಾರಿಕೊಂಡ್ರು. ಅಕಿನಾ ಅಭಿಮಾನಿಗಳು ಇವತ್ತಿಗೂ ಅದನ್ನ ಮರೆತಿಲ್ಲ. ಎರಡೂ ಕೇಳಿದೀನಿ, ನನಗೆ ಅಕಿನಾ ಹಾಡಿರೋದೇ ಮನಸ್ಸಿಗೆ ಹತ್ರ ಬಂತು, ಯಮಶಿತಾ ಸಾಹೇಬ್ರು ಏನಾದ್ರೂ ಹೇಳ್ಕೊಳ್ಳಲಿ.

ಇನ್ನ 1984. ಏಪ್ರಿಲಲ್ಲಿ ‘ವೆರೈಟಿ’ ಆಲ್ಬಂ ಬಂತು. ಎಲ್ಲಾ ಹಾಡೂ ಮರಿಯಾದೇ ಮಾತು, ಮರಿಯಾದೇ ಟ್ಯೂನು, ಅರೇಂಜ್‌ಮೆಂಟು ಬಹುತೇಕ ಗಂಡಂದು. ಇದು ಜಪಾನಿನ ಆಲ್ಬಂ ಪಟ್ಟಿಲಿ ನಂಬರ್ ಒನ್ ಆಯ್ತು ಸಾರ್. ಓಡ್ಲಿಲ್ಲ ಅಂತ ಬರೆದಿದ್ದೀರಲ್ಲ, ಓಡದೆ ಇದ್ದಿದ್ದು ಮಾರನೇ ವರ್ಷ ಅದೇ ಆಲ್ಬಮ್ಮಿಂದ ‘ಪ್ಲಾಸ್ಟಿಕ್ ಲವ್’ ಒಂದನ್ನೇ ಬೇರೆ ತೆಗೆದು ಬಿಟ್ಟ ಸಿಂಗಲ್ಲು. ಅದು ಸುಮಾರು 10,000 ಪ್ರತಿ ಹೋಯ್ತು, ಪಟ್ಟಿಲಿ 86ನೇ ಜಾಗ. ಹೋಗದೆ ಇರೋದು ಸಹಜನೇ, ಆಲ್ಬಂ ಮನೇಲಿರೋನು ಸಿಂಗಲ್ ಯಾಕೆ ತಗೋತಾನೆ? ನನ್ನ ಅಂಗಡೀಲೂ ಪೂರ್ತಿ ಕ್ಯಾಸೆಟ್ ತಗೊಂಡೋರು ಅದೇ ಪಿಚ್ಚರಿನ ಎರಡು ಹಾಡಿನ ಬೇರೆ ಕ್ಯಾಸೆಟ್ ಕೊಟ್ರೆ ನನ್ನ ಮುಖ ನೋಡ್ತಿದ್ರು.

ಅಲ್ಲಿಂದ ಮುಂದಕ್ಕೆ ನೀವು ಕತ್ತಲು ಅಂತ ಬರೆದಿರೋ ಮೂವತ್ತು ವರ್ಷದ ಲೆಕ್ಕ ಕೇಳಿ. 1987ರಲ್ಲಿ ಬೇರೆಯೋರಿಗೆ ಬರೆದುಕೊಟ್ಟ ಹಾಡುಗಳನ್ನ ತಾವೇ ಹಾಡಿ ‘ರಿಕ್ವೆಸ್ಟ್’ ಅಂತ ಬಿಟ್ರು, ಅದೂ ನಂಬರ್ ಒನ್. 1994ರ ಸಂಕಲನ ‘ಇಂಪ್ರೆಷನ್ಸ್’ 30 ಲಕ್ಷಕ್ಕಿಂತ ಜಾಸ್ತಿ ಮಾರಾಟ ಆಯ್ತು. 1998ರಲ್ಲಿ ಸಿಂಗಲ್ ಕೂಡ ಮೇಲಕ್ಕೆ ಹೋಗಿ ಕೂತ್ಕೊಂತು. ಕ್ರಿಸ್‌ಮಸ್ ಬಂದ್ರೆ ಜಪಾನಲ್ಲಿ ಕೆಎಫ್‌ಸಿ ಕೋಳಿ ತಿನ್ನೋ ಪದ್ಧತಿ ಇದೆ, ಆ ಕೋಳಿ ಜಾಹೀರಾತಿನ ಹಾಡು ಇವರದ್ದು, ವರ್ಷ ವರ್ಷ ಡಿಸೆಂಬರಲ್ಲಿ ಬರುತ್ತೆ. ಸರ್ಕಾರಿ ಟೀವಿ ಎನ್‌ಎಚ್‌ಕೆಲಿ ಇವರೂರ ಕಡೆ ನಡೆಯೋ ಕತೆಯ ಧಾರಾವಾಹಿ ಬಂದಾಗ ‘ಇನೋಚಿ ನೋ ಉತಾ’ ಹಾಡಿಗೆ ಮಾತು ಬರೆದಿದ್ದು ಮಿಯಾಬಿ ಅನ್ನೋ ಹೆಸರಲ್ಲಿ ಇವರೇ, ಅದನ್ನ ಈಗ ಮದುವೆ ಮನೆಲಿ, ಸ್ಕೂಲ್ ಬೀಳ್ಕೊಡುಗೆಲಿ ಹಾಡ್ತಾರೆ. ಇದರ ಮಧ್ಯೆ ಹದಿನೆಂಟು ವರ್ಷ ತಮ್ಮ ಸ್ವಂತ ಕಾರ್ಯಕ್ರಮ ಅಂತ ಸ್ಟೇಜ್ ಹತ್ತಿರ್ಲಿಲ್ಲ, 2000ದಲ್ಲಿ ಹತ್ತಿದ್ರು. ಸ್ಟೇಜ್ ಹತ್ತದೇ ಇರೋದನ್ನೇ ನಿಮ್ಮ ಬರಹಗಾರ್ರು ಕತ್ತಲು ಅಂತ ತಿಳ್ಕೊಂಡಿರ್ಬೇಕು. ಮಗಳನ್ನ ಬೆಳೆಸ್ತಾ, ಅಡಿಗೆ ಮಾಡ್ತಾ, ಬೇಕಾದಾಗ ಬರೀತಾ ಇರೋ ಹೆಂಗಸು ನಮ್ಮ ಪತ್ರಿಕೆಯೋರ ಕಣ್ಣಿಗೆ ಕಾಣ್ಸಲ್ಲ, ಹೌದಾ? 2019ರಲ್ಲಿ, ಡಿಸೆಂಬರ್ 31ರ ರಾತ್ರಿ ಇಡೀ ದೇಶ ಕೂತು ನೋಡೋ ಎನ್‌ಎಚ್‌ಕೆ ಕಾರ್ಯಕ್ರಮದಲ್ಲಿ ಮೊದಲನೇ ಸಲ ಹಾಡಿದ್ರು, ಹಾಡಿದ್ದು ಆ ಧಾರಾವಾಹಿ ಹಾಡೇ, ‘ಪ್ಲಾಸ್ಟಿಕ್ ಲವ್’ ಅಲ್ಲ. ಜಪಾನಿನೋರಿಗೆ ಇವರು ಯಾರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ.

ಮರೆತಿದ್ರು ಅಂತೀರಲ್ಲ, ಮರೆಯಕ್ಕೆ ಬಿಡದೆ ಇರೋ ಒಂದು ಏರ್ಪಾಡು ಅಲ್ಲಿದೆ. ನಾನು ನಿಜವಾಗಿ ಬರೀಬೇಕು ಅಂತ ಕೂತಿದ್ದು ಇದನ್ನೇ. 1939ರಿಂದ ಅಲ್ಲಿ ಜಸ್ರಾಕ್ ಅಂತ ಸಂಸ್ಥೆ ಇದೆ, ಹಾಡು ಬರೆದೋರ ಪರವಾಗಿ ದುಡ್ಡು ವಸೂಲಿ ಮಾಡಿ ಹಂಚೋದು ಅದರ ಕೆಲಸ. ವಸೂಲಿ ಅಂದ್ರೆ ಹಂಗಿಂಗಲ್ಲ, ಜನ ಬೈಕೊಳ್ಳೋವಷ್ಟು. 1980ರಲ್ಲಿ ಟೋಕಿಯೋ ಹತ್ರ ಮಿತಾಕ ಅನ್ನೋ ಊರಲ್ಲಿ ಒಬ್ರು ರೆಕಾರ್ಡ್ ಬಾಡಿಗೆಗೆ ಕೊಡೋ ಅಂಗಡಿ ತೆಗೆದ್ರು, ನೋಡ್ತಾ ನೋಡ್ತಾ ದೇಶ ತುಂಬಾ ಅಂಥ ಅಂಗಡಿಗಳಾದ್ವು. ಜನ ಒಂದು ರಾತ್ರಿಗೆ ತಗೊಂಡೋಗಿ ಮನೇಲಿ ಕ್ಯಾಸೆಟ್ಟಿಗೆ ಇಳಿಸ್ಕೊಂಡು ಬೆಳಿಗ್ಗೆ ವಾಪಸ್ ಕೊಡ್ತಿದ್ರು. ಅಂಗಡಿ ಮುಚ್ಚಿಸಿ ಅಂತ ರೆಕಾರ್ಡ್ ಕಂಪನಿಗಳು ಕೂಗಾಡಿದ್ವು, ಸರ್ಕಾರ ಮುಚ್ಚಿಸ್ಲಿಲ್ಲ, 1984ರಲ್ಲಿ ಕಾಪಿರೈಟ್ ಕಾನೂನು ತಿದ್ದಿ, ಬಾಡಿಗೆಗೆ ಕೊಡೋದಿದ್ರೆ ಕೊಡಿ, ಆದ್ರೆ ಹಾಡು ಮಾಡಿದೋರಿಗೆ ಪಾಲು ಕೊಡ್ಬೇಕು ಅಂತ ಮಾಡ್ತು. ಕರಾವೋಕೆ ಬಾರ್‌ಗಳದ್ದೂ ಅದೇ ಕತೆ. ಗಿರಾಕಿ ಹಾಡ್ತಾನೆ, ನಾನ್ಯಾಕೆ ಕೊಡ್ಲಿ ಅಂತ ಬಾರ್ ಮಾಲೀಕರ ವಾದ, 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಅವನು ಹಾಡೋದರಿಂದ ನಿನಗೆ ವ್ಯಾಪಾರ ಆಗ್ತಿದೆಯಲ್ಲಪ್ಪ, ನೀನೇ ಕೊಡು ಅಂತ ಹೇಳ್ತು. ಕುಡಿದು ಕೆಟ್ಟದಾಗಿ ಹಾಡಿದ್ರೂ ಬರೆದೋರಿಗೆ ಕಾಸು ಹೋಗುತ್ತೆ. ಇಂಥ ಕಡೆ, ಮನೇಲಿದ್ಕೊಂಡು ಹಾಡು ಬರೆಯೋ ಹೆಂಗಸು ಹದಿನೆಂಟು ವರ್ಷ ಸ್ಟೇಜ್ ಹತ್ತದೆ ಇರಬಹುದು, ಯಾರ ಮುಲಾಜೂ ಇಲ್ದೆ.

ನಮ್ಮಲ್ಲಿ ಏನಾಯ್ತು ಅಂತ ಹೇಳೋದು ಬೇಡ, ಆದ್ರೂ ಹೇಳ್ತೀನಿ. 1977ರಲ್ಲಿ ನಮ್ಮ ಸುಪ್ರೀಂ ಕೋರ್ಟು, ದುಡ್ಡು ಕೊಟ್ಟು ಬರೆಸಿದ ಸಿನಿಮಾ ಹಾಡಿಗೆ ನಿರ್ಮಾಪಕನೇ ಯಜಮಾನ ಅಂತ ತೀರ್ಪು ಕೊಟ್ಮೇಲೆ ಬರೆದೋರಿಗೂ ಟ್ಯೂನ್ ಹಾಕಿದೋರಿಗೂ ಒಂದು ಸಲ ಕೊಟ್ಟ ಪೇಮೆಂಟೇ ಗತಿ ಆಯ್ತು. 2012ರಲ್ಲಿ ಕಾನೂನು ತಿದ್ದಿ, ರಾಯಲ್ಟಿಲಿ ಬರೆದೋರ ಪಾಲನ್ನ ಯಾರೂ ಬರೆಸ್ಕೊಂಡು ಕಿತ್ಕೊಳ್ಳೋ ಹಂಗಿಲ್ಲ ಅಂತ ಮಾಡಿದ್ರು, ಒಳ್ಳೇದೇ. ಅಷ್ಟೊತ್ತಿಗೆ ಕ್ಯಾಸೆಟ್ ಸತ್ತು, ಸೀಡಿ ಸತ್ತು, ಹಾಸನದಿಂದ ಸಕಲೇಶಪುರದ ತನಕ ಮೊಬೈಲ್ ಅಂಗಡಿ ಬಾಗಿಲಲ್ಲೆಲ್ಲ ‘ಚಿಪ್ಪಿಗೆ ಹಾಡು ತುಂಬಿಸಿಕೊಡಲಾಗುವುದು’ ಅಂತ ಬೋರ್ಡು ನೇತಾಡಿ, ಒಂದು ಮೆಮೊರಿ ಕಾರ್ಡಿಗೆ ಸಾವಿರ ಹಾಡು ತುಂಬ್ಸಿ, ಅದೂ ಹೋಗಿ ಯೂಟ್ಯೂಬ್ ಬಂದಾಗಿತ್ತು. ಆ ಸಾವಿರ ಹಾಡಲ್ಲಿ ಒಂದಕ್ಕೂ ಬರೆದೋರು ಯಾರು ಅಂತ ತುಂಬಿಸೋನಿಗೂ ಗೊತ್ತಿಲ್ಲ, ತುಂಬಿಸ್ಕೊಳ್ಳೋನಿಗೂ ಬೇಕಾಗಿಲ್ಲ.

ನಮ್ಮ ಜಿಲ್ಲೆಯೋರೇ ಸಿ. ಅಶ್ವತ್ಥ್, ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದೋರು. ಟ್ಯೂನ್ ಹಾಕಿ ತಾವೇ ಹಾಡೋ ಅಂಥ ಗಂಟಲು ಕರ್ನಾಟಕಕ್ಕೆ ಇನ್ನೊಂದು ಸಿಗಲ್ಲ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕನ್ನಡ ಭಾವಗೀತೆಗೆ ಆ ಪಾಟಿ ಜನ ಸೇರಿಸಿದ್ದು ಅವರೇ. ಅಂಥವರೂ ಜೀವನಕ್ಕೆ ಐಟಿಐ ಕಾರ್ಖಾನೆಲಿ ವರ್ಷಾನುಗಟ್ಟಲೆ ನೌಕರಿ ಮಾಡಿದ್ರು. ನೌಕರಿ ಮಾಡಿದ್ದು ತಪ್ಪು ಅಂತಲ್ಲ, ಅಂಥ ಸಂಗೀತಗಾರನಿಗೂ ಹಾಡಿನ ಹುಟ್ಟುವಳಿ ನಂಬ್ಕೊಂಡು ಕೂರೋ ಧೈರ್ಯ ಈ ನಾಡು ಕೊಡ್ಲಿಲ್ಲ ಅನ್ನೋದು ನನ್ನ ಹೊಟ್ಟೆಉರಿ. ಅವರ ಟ್ಯೂನು ಇವತ್ತು ನಮ್ಮೂರಲ್ಲಿ ರಾಜ್ಯೋತ್ಸವ ಬಂದ್ರೆ ಸರ್ಕಲ್ ಸರ್ಕಲಲ್ಲೂ ಮೈಕಲ್ಲಿ ಕೇಳುತ್ತೆ. ಬಡಾವಣೆ ಸಂಘದೋರು ಶಾಮಿಯಾನಕ್ಕೆ ಕೊಡ್ತಾರೆ, ಸೌಂಡ್ ಸಿಸ್ಟಮ್ಮಿಗೆ ಕೊಡ್ತಾರೆ, ಪುಳಿಯೋಗರೆಗೆ ಕೊಡ್ತಾರೆ, ಹಾಡಿಗೂ ಏನಾದ್ರೂ ಕೊಡ್ಬೇಕಾ ಅಂತ ಕೇಳಿದ್ರೆ ನಗ್ತಾರೆ.

ಯೂಟ್ಯೂಬ್ ಏನೂ ಮಾಡ್ಲಿಲ್ಲ ಅಂತ ನಾನು ಹೇಳ್ತಿಲ್ಲ. 2017ರಲ್ಲಿ ಕಂಪನಿಗೆ ಸಂಬಂಧ ಇಲ್ಲದ ಯಾರೋ ‘ಪ್ಲಾಸ್ಟಿಕ್ ಲವ್’ನ ಹೆಚ್ಚುಕಮ್ಮಿ ಎಂಟು ನಿಮಿಷದ ರೂಪದಲ್ಲಿ ಹಾಕಿದ್ರು, ಯೂಟ್ಯೂಬು ತನ್ನ ಪಾಡಿಗೆ ತಾನು ಅದನ್ನ ಪ್ರಪಂಚದೋರಿಗೆಲ್ಲ ತೋರಿಸಕ್ಕೆ ಶುರು ಮಾಡ್ತು, ಬ್ಯಾಂಕಾಕಲ್ಲಿ ಜಕಾರ್ತದಲ್ಲಿ ಅಮೆರಿಕದಲ್ಲಿ ಹುಟ್ಟೋಕೆ ಮುಂಚಿನ ಹಾಡಿಗೆ ಹುಡುಗ್ರು ಮರುಳಾದ್ರು, ಕೋಟಿಗಟ್ಟಲೆ ಸಲ ನೋಡಿದ್ರು. 2018ರಲ್ಲಿ ಇದ್ದಕ್ಕಿದ್ದಂಗೆ ವೀಡಿಯೊ ಮಾಯ. ಹಾಡಿನ ಕಂಪನಿ ತೆಗೆಸಿರ್ಬೇಕು ಅಂತ ಎಲ್ರೂ ಅಂದ್ಕೊಂಡ್ರು, ಅಲ್ಲ, ತೆಗೆಸಿದ್ದು ಫೋಟೋ ತೆಗೆದೋರು. ವೀಡಿಯೊ ಮೇಲೆ ಇದ್ದಿದ್ದು ಮರಿಯಾ ನಗ್ತಾ ಇರೋ ಕಪ್ಪುಬಿಳುಪು ಫೋಟೋ, ಅದು ಈ ಹಾಡಿಂದೇ ಅಲ್ಲ, ಅವರದ್ದೇ ‘ಸ್ವೀಟೆಸ್ಟ್ ಮ್ಯೂಸಿಕ್’ ಅನ್ನೋ ಬೇರೆ ಸಿಂಗಲ್ಲಿನದ್ದು, ತೆಗೆದಿದ್ದು ಅಮೆರಿಕದ ಅಲನ್ ಲೆವೆನ್ಸನ್. ನನ್ನ ಫೋಟೋ ನನ್ನ ಕೇಳ್ದೆ ಹಾಕಿದೀರಿ ಅಂತ ಅವರು ತಕರಾರು ತೆಗೆದ್ರು, ಆಮೇಲೆ ಅವರ ಹೆಸರು ಹಾಕಿದ ಮೇಲೆ 2019ರಲ್ಲಿ ವೀಡಿಯೊ ವಾಪಸ್ ಬಂತು. ಅದೇ ವರ್ಷ ವಾರ್ನರ್ ಕಂಪನಿ ತಾನೇ ಒಂದು ಚಿಕ್ಕ ವೀಡಿಯೊ ಮಾಡಿ ಹಾಕ್ತು, 2021ರಲ್ಲಿ ಪೂರ್ತಿದು. ಯೂಟ್ಯೂಬ್ ಮಾಡಿದ್ದು ಇಷ್ಟು, ಜಪಾನಿಗೆ ಗೊತ್ತಿದ್ದೋರನ್ನ ಜಪಾನ್ ಆಚೆ ಇರೋ ನಮಗೆ ತೋರಿಸ್ತು. ನಾವು ತಡವಾಗಿ ಎದ್ದು ಬಂದು ಅವರಿಗೆ ನಿದ್ದೆ ಬಂದಿತ್ತು ಅಂತ ಬರೆದ್ರೆ ಹೆಂಗೆ?

ನಿಜಕ್ಕೂ ಕಣ್ಣಲ್ಲಿ ನೀರು ತರಿಸೋ ಕತೆ ಬೇಕಿದ್ರೆ ನಿಮ್ಮ ಬರಹಗಾರ್ರು ಮಿಕಿ ಮಾತ್ಸುಬಾರ ಬಗ್ಗೆ ಬರೀಬೇಕಿತ್ತು. 1979ರಲ್ಲಿ ‘ಮಯೊನಾಕ ನೊ ಡೋರ್’ ಹಾಡಿದ ಹುಡುಗಿ, ಆಗ ಇನ್ನೂ ಇಪ್ಪತ್ತರ ಆಸುಪಾಸು. ಟ್ಯೂನು ಅದೇ ತೆತ್ಸುಜಿ ಹಯಾಶಿದು, ಅದೇ ವರ್ಷ ಮರಿಯಾಗೆ ‘ಸೆಪ್ಟೆಂಬರ್’ ಕೊಟ್ಟೋರು. 2020ರ ಕೊನೇಲಿ ಈ ಹಾಡು ಪ್ರಪಂಚ ಸುತ್ತಿತು, ಇಂಡೋನೇಷ್ಯಾದ ಒಬ್ಬ ಹುಡುಗಿ ಹಿಜಾಬ್ ಹಾಕ್ಕೊಂಡು ಜಪಾನೀಸಲ್ಲೇ ಹಾಡಿದ ವೀಡಿಯೊನೂ ಅದಕ್ಕೊಂದು ಕಾರಣ. ಅಷ್ಟೊತ್ತಿಗೆ ಮಿಕಿ ಇರ್ಲಿಲ್ಲ, 2004ರಲ್ಲೇ ಕ್ಯಾನ್ಸರಲ್ಲಿ ಹೋಗಿದ್ರು, 44 ವರ್ಷಕ್ಕೆ. ಒಂದೇ ವರ್ಷ, ಒಬ್ಬರದ್ದೇ ಟ್ಯೂನು, ಇಬ್ಬರು ಹುಡುಗಿಯರು. ಯೂಟ್ಯೂಬ್ ಬದುಕಿಸ್ತು ಅನ್ನೋ ಮಾತು ಅವರ ವಿಷ್ಯದಲ್ಲಿ ಬರೆದಿದ್ರೆ ಎಷ್ಟು ಚುಚ್ಚುತ್ತಿತ್ತು ನೋಡಿ.

ಹಂಗಂತ ಜಪಾನ್ ಅಂದ್ರೆ ಸ್ವರ್ಗ, ನಾವೆಲ್ಲ ಕಲೀಬೇಕು ಅಂತ ಭಾಷಣ ಬಿಗಿಯಕ್ಕೆ ನಾನು ಬಂದಿಲ್ಲ. ಅಲ್ಲಿ ಹಾಡುಗಾರ್ರು, ನಟರೆಲ್ಲ ಏಜೆನ್ಸಿಗಳ ಕೈಯಲ್ಲಿ. ಯಾವ ಟೀವಿಗೆ ಯಾರು ಹೋಗ್ಬೇಕು, ಯಾರು ಹೋಗ್ಬಾರ್ದು, ಎಲ್ಲಾ ಅವರದ್ದೇ ತೀರ್ಮಾನ. ಹುಡುಗರ ಗುಂಪುಗಳನ್ನ ಕಟ್ಟಿ ದೇಶನೇ ಆಳಿದ ಏಜೆನ್ಸಿ ಜಾನೀಸ್, ಅದರ ಸ್ಥಾಪಕ ಜಾನಿ ಕಿತಗಾವ 2019ರಲ್ಲಿ ತೀರ್ಕೊಂಡಾಗ ದೇಶವೇ ಕಣ್ಣೀರಿಡ್ತು. 2023ರ ಮಾರ್ಚಲ್ಲಿ ಬಿಬಿಸಿ ಒಂದು ಡಾಕ್ಯುಮೆಂಟರಿ ಮಾಡಿ, ಆ ಮನುಷ್ಯ ದಶಕಗಳ ಕಾಲ ತನ್ನ ಕೈಕೆಳಗಿನ ಹುಡುಗರ ಮೇಲೆ ಲೈಂಗಿಕ ದೌರ್ಜನ್ಯ ನಡೆಸಿದ್ದನ್ನ ಎತ್ತಿ ತೋರಿಸ್ತು. ಅಲ್ಲಿಯೋರಿಗೆ ಅದು ಗೊತ್ತಿರಲಿಲ್ಲ ಅಂತೇನಲ್ಲ, ವಾರಪತ್ರಿಕೆ ಒಂದು ಮುಂಚೆನೇ ಬರೆದು ಕೋರ್ಟಿಗೂ ಹೋಗಿ ಬಂದಿತ್ತು, ಟೀವಿಯೋರು ಬಾಯಿ ಬಿಟ್ಟಿರ್ಲಿಲ್ಲ ಅಷ್ಟೆ. ಸೆಪ್ಟೆಂಬರಲ್ಲಿ ಏಜೆನ್ಸಿನೇ ಒಪ್ಕೊಂಡು ಕ್ಷಮೆ ಕೇಳ್ತು, ಅಕ್ಟೋಬರಲ್ಲಿ ಹೆಸರೂ ತೆಗೆದು ಹಾಕ್ತು.

ಇದರಲ್ಲಿ ಮರಿಯಾ ಮನೆಗೂ ಕಿಡಿ ಹಾರ್ತು. ಗಂಡ ಹೆಂಡತಿ ಇಬ್ರೂ ಇರೋದು ಸ್ಮೈಲ್ ಕಂಪನಿ ಅನ್ನೋ ಬೇರೆ ಏಜೆನ್ಸಿಲಿ, ಆದ್ರೆ ಜಾನೀಸ್ ಹುಡುಗರಿಗೆ ಹಾಡು ಕೊಟ್ಟ ನಂಟು ಹಳೇದು, ಅರಾಶಿ ಗುಂಪಿಗೆ 2016ರಲ್ಲಿ ಮಾತು ಹೆಂಡತಿದು, ಟ್ಯೂನು ಗಂಡಂದು. 2023ರ ಜುಲೈಲಿ ಕಿಯೋಶಿ ಮಾತ್ಸುಓ ಅನ್ನೋ ಸಂಗೀತ ನಿರ್ಮಾಪಕರು, ನಾನು ಜಾನೀಸ್ ಬಗ್ಗೆ ಮಾತಾಡಿದ್ದಕ್ಕೆ ಸ್ಮೈಲ್ ಕಂಪನಿ ಅರ್ಧದಲ್ಲೇ ಕಾಂಟ್ರಾಕ್ಟ್ ಮುಗಿಸ್ತು, ಯಮಶಿತಾ ಕೂಡ ಅದಕ್ಕೆ ಒಪ್ಪಿದ್ದಾರಂತೆ ಅಂತ ಬರೆದ್ರು. ಯಮಶಿತಾ ತಮ್ಮ ರೇಡಿಯೋ ಕಾರ್ಯಕ್ರಮದಲ್ಲಿ ಉತ್ತರ ಕೊಟ್ರು. ದೌರ್ಜನ್ಯ ನಡೆದಿದ್ರೆ ಅದು ಕ್ಷಮಿಸೋ ಅಂಥದ್ದಲ್ಲ ಅಂದ್ರು, ತನಗೇನೂ ಗೊತ್ತಿರ್ಲಿಲ್ಲ ಅಂದ್ರು, ಕಾಂಟ್ರಾಕ್ಟ್ ಮುಗಿದಿದ್ದು ಅದೊಂದಕ್ಕೇ ಅಲ್ಲ ಅಂದ್ರು, ಆದ್ರೆ ಜಾನಿ ಕಿತಗಾವ ಮೇಲಿನ ಗೌರವ ಹಂಗೇ ಇದೆ ಅಂದ್ರು, ಕೊನೆಗೆ ಇದು ಸರಿ ಕಾಣದೇ ಇರೋರಿಗೆ ಬಹುಶಃ ನನ್ನ ಸಂಗೀತ ಬೇಕಾಗಿಲ್ಲ ಅನ್ನೋ ಅರ್ಥದಲ್ಲಿ ಮಾತು ಮುಗಿಸಿದ್ರು. ಎಷ್ಟೋ ಜನ ಅಭಿಮಾನಿಗಳಿಗೆ ಅದು ನುಂಗಕ್ಕಾಗ್ಲಿಲ್ಲ, ನನಗೂ ಆಗ್ಲಿಲ್ಲ. ಇಂಟರ್ನೆಟ್ಟಲ್ಲಿ ತನ್ನ ಹಾಡು ಬಾಡಿಗೆಗೆ ಕೊಡಲ್ಲ, ಸಾಯೋ ತನಕ ಸ್ಟ್ರೀಮಿಂಗ್ ಮಾಡಲ್ಲ ಅಂತ ಹಠ ಹಿಡಿದು ಕೂತಿರೋ ಮನುಷ್ಯ, ಹಾಡಿನ ವಿಷ್ಯದಲ್ಲಿ ಯಾವ ಕಂಪನಿಗೂ ಬಗ್ಗದೋರು, ಇಲ್ಲಿ ಯಾಕೆ ಬಗ್ಗಿದ್ರೋ. ಹಕ್ಕು ಕೈಯಲ್ಲಿದ್ರೆ ಹೊಟ್ಟೆಪಾಡಿಗೆ ಯಾರ ಮುಂದೂ ನಿಲ್ಲಬೇಕಾಗಿಲ್ಲ, ಋಣ ಅನ್ನೋದು ಬಂದಾಗ ಮಾತ್ರ ಅದು ಸಾಕಾಗಲ್ಲ ಅನ್ಸುತ್ತೆ. ಹಾಡು ಕೇಳೋದು ಬಿಟ್ಟಿದೀರಾ ಅಂತ ತಂಗಿ ಮಗಳು ಕೇಳಿದ್ಳು. ಬಿಟ್ಟಿಲ್ಲ. ಆದ್ರೆ ನಿಮ್ಮ ಬರಹದಲ್ಲಿ ಈ ವಿಷ್ಯ ಒಂದು ಸಾಲೂ ಇಲ್ದೆ ಬರೀ ಕಾಲ್ಪನಿಕ ಕತ್ತಲು ಬೆಳಕು ಇದ್ದಿದ್ದು ಸರಿ ಕಾಣ್ಲಿಲ್ಲ.

ಈಗ ನಾನು ಕೇಳೋದು ಇಷ್ಟೇ. ಬರೋ ಭಾನುವಾರ ಎರಡು ಸಾಲು ತಿದ್ದುಪಡಿ ಹಾಕಿ, ‘ವೆರೈಟಿ’ ಆಲ್ಬಂ 1984ರಲ್ಲಿ ಓಡಿತ್ತು, ಗಾಯಕಿನ ಅವರ ದೇಶ ಮರೆತಿರ್ಲಿಲ್ಲ ಅಂತ. ಇನ್ನೊಂದು, ನಿಮ್ಮ ಸಿನಿಮಾ ಪುಟದಲ್ಲಿ ಹೊಸ ಹಾಡು ಬಂತು ಅಂತ ಸುದ್ದಿ ಹಾಕೋವಾಗ ಹೀರೋ ಹೆಸರು, ಡೈರೆಕ್ಟರ್ ಹೆಸರು, ಎಷ್ಟು ಮಿಲಿಯನ್ ವ್ಯೂಸು ಎಲ್ಲಾ ಇರುತ್ತೆ, ಬರೆದೋರ ಹೆಸರು ಮಾತ್ರ ಇರಲ್ಲ. ನಮ್ಮ ಹಾಸನ ಆಕಾಶವಾಣಿಯೋರು ಇವತ್ತಿಗೂ ಭಾವಗೀತೆ ಹಾಕೋವಾಗ ರಚನೆ ಇಂಥವರದ್ದು, ಸಂಗೀತ ಇಂಥವರದ್ದು, ಹಾಡಿದೋರು ಇಂಥವರು ಅಂತ ಮೂರೂ ಹೇಳ್ತಾರೆ, ಅದಕ್ಕೆ ಹತ್ತು ಸೆಕೆಂಡೂ ಬೇಕಾಗಲ್ಲ, ನಿಮಗೆ ಅರ್ಧ ಸಾಲು ಸಾಕು.

ಕೊನೇದಾಗಿ, ಬರಹದ ಜೊತೆ ದೊಡ್ಡದಾಗಿ ಹಾಕಿದ್ರಲ್ಲ ಕಪ್ಪುಬಿಳುಪು ಫೋಟೋ, ‘ಪ್ಲಾಸ್ಟಿಕ್ ಲವ್ ಕಾಲದ ಮರಿಯಾ’ ಅಂತ, ಅದು ಅದೇ ಅಲನ್ ಲೆವೆನ್ಸನ್ ಫೋಟೋನೇ. ಕೆಳಗೆ ‘ಕೃಪೆ: ಇಂಟರ್ನೆಟ್’ ಅಂತ ಇತ್ತು. ತಿದ್ದುಪಡಿ ಹಾಕೋವಾಗ ದಯವಿಟ್ಟು ಅವರ ಹೆಸರೂ ಹಾಕ್ಬಿಡಿ.

ಇತಿ ನಿಮ್ಮ ಓದುಗ,
ಹಳೇ ಕ್ಯಾಸೆಟ್ ಅಂಗಡಿಯವನು, ಹಾಸನ